ಚಿಕ್ಕಪ್ಪ ನುಂಗಿದ ಗುಳಿಗೆ

ಮಹಾಲಯ ಅಮಾವಾಸ್ಯೆ, ಬೆಳಿಗ್ಗೆ ಆರು ಗಂಟೆ, ನಮ್ಮ ಅಡುಗೆಮನೆ. ಹಾಜರಿದ್ದವರು ನನ್ನ ತಮ್ಮ, ಅವನ ಹೆಂಡತಿ ಮತ್ತು ನಾನು. ಕರೆಯದೆ ಬಂದು ಹೊಸ್ತಿಲ ಮೇಲೆ ಕೂತಿದ್ದವರು ಚಿಕ್ಕಪ್ಪ, ತೀರಿಹೋದ ನಮ್ಮ ಅಪ್ಪನ ತಮ್ಮ. ಹೊಸ್ತಿಲ ಮೇಲೆ ಕೂರಬಾರದೆಂದು ಊರಿನ ಹೆಂಗಸರಿಗೆಲ್ಲ ಬೈದು ಹೇಳುವವರೂ ಇವರೇ. ಎಪ್ಪತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಇಸವಿಯನ್ನು ಬರೆಯುವುದಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯ ಹಳ್ಳಿಗಳಲ್ಲಿ ನೆನಪಿನ ಶಕ್ತಿ ಇನ್ನೂ ಚೆನ್ನಾಗಿದೆ; ಇಸವಿ ಹೇಳಿದರೆ ಮನೆ ಯಾವುದೆಂದು ಹುಡುಕಿಬಿಡುತ್ತಾರೆ.

ಆ ಹೊತ್ತಿನ ಕೆಲಸ ಇಷ್ಟು: ಬೀರುವಿನ ಬೀಗ ತೆಗೆದು ಸೀಸೆಯಿಂದ ಒಂದು ಬಿಳಿ ಗುಳಿಗೆ ತೆಗೆಯುವುದು. ಎರಡು ಚಮಚಗಳ ನಡುವೆ ಇಟ್ಟು ಪುಡಿ ಮಾಡುವುದು. ನೀರಿನಲ್ಲಿ ಕಲಕಿ ತಮ್ಮನಿಗೆ ಕೊಡುವುದು. ಅವನು ಕುಡಿದ ಮೇಲೆ ಬಾಯಿ ತೆರೆಸಿ ನಾಲಿಗೆಯ ಕೆಳಗೆ ನೋಡುವುದು. ಕೊನೆಗೆ, ಬಾಯಲ್ಲಿ ಇಟ್ಟುಕೊಂಡಿಲ್ಲ ಎಂದು ಖಾತ್ರಿಯಾಗಲು, ಅವನ ಕೈಲಿ ಒಂದೆರಡು ಮಾತು ಆಡಿಸುವುದು. ಈ ಕ್ರಮ ನನ್ನದಲ್ಲ, ಹುಣಸೂರಿನ ಡಾಕ್ಟರದು. ನನಗೆ ಹಿಡಿಸಿತು, ಅಷ್ಟೆ. ನಾನು ಓದಿದ್ದು ಮೈಸೂರಿನ ಬೋರ್ಡಿಂಗ್ ಶಾಲೆಯಲ್ಲಿ. ಅಲ್ಲಿ ಏಳುವುದು, ಉಣ್ಣುವುದು, ಅಳುವುದು ಎಲ್ಲಕ್ಕೂ ಗಂಟೆ ಹೊಡೆಯುತ್ತಿದ್ದರು. ಹುಣಸೂರಿನ ಶಾಲೆಯಲ್ಲಿ ಮೇಡಂ ಆದ ಮೇಲೆ ಗಂಟೆ ಹೊಡೆಸುವವಳು ನಾನೇ ಆದೆ. "ಇವನಿಗೆ ಗುಳಿಗೆ ಕೊಡುವ ಕೆಲಸ ಹೆಂಡತಿಗೆ ವಹಿಸಬೇಡಿ, ಅವರನ್ನು ಕಾಡಿ ಬೇಡಿ ಕರಗಿಸುತ್ತಾನೆ. ಮನೆಯಲ್ಲಿ ಇವನು ಯಾರಿಗೆ ಹೆದರುತ್ತಾನೆ?" ಎಂದು ಡಾಕ್ಟರು ಕೇಳಿದಾಗ ನಮ್ಮವರೆಲ್ಲ ಒಟ್ಟಿಗೆ ನನ್ನ ಕಡೆ ನೋಡಿದ್ದರು.

ಅವತ್ತು ತಮ್ಮ ಲೋಟ ಕೈಗೆ ತೆಗೆದುಕೊಳ್ಳಲಿಲ್ಲ.

"ಅಕ್ಕ, ಇವತ್ತೊಂದಿನ ರಜ ಕೊಡು."

"ರಜ ಶಾಲೆಗೆ. ಗುಳಿಗೆಗಿಲ್ಲ."

"ಸಾಯಂಕಾಲ ಅಪ್ಪನ ಎಡೆ ಅದೆ ಕಣಕ್ಕ."

"ಅದಕ್ಕೇ ಇವತ್ತು ತಪ್ಪಿಸ್ಬಾರ್ದು. ಕುಡಿ."

ಹೊಸ್ತಿಲಿನಿಂದ ಚಿಕ್ಕಪ್ಪ ಬಾಯಿ ಹಾಕಿದರು. "ಅಲ್ಲ ಕಣವ್ವ ಮೇಡಮ್ಮ, ಹಿರೀಕರು ಬರೋ ದಿನ ಆಸ್ಪತ್ರೆ ತಂದು ಅಡ್ಗೆಮನೇಲಿ ಮಡಗಿದ್ದೀಯಲ್ಲ, ನಿಮ್ಮಪ್ಪ ಬಾಕ್ಲಲ್ಲೇ ನಿಂತ್ಕೊಂಡು ನಗಾಕಿಲ್ವ?"

ಎಡೆಯ ಸಂಗತಿ ತಿಳಿಯದವರಿಗೆ ಹೇಳಬೇಕು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರು ಮನೆಗೆ ಊಟಕ್ಕೆ ಬರುತ್ತಾರೆ. ನಡುಮನೆಯಲ್ಲಿ ಕಳಸ ಇಟ್ಟು, ಹೊಸ ಬಟ್ಟೆ ಮಡಿಸಿಟ್ಟು, ಬಾಳೆ ಎಲೆಯಲ್ಲಿ ಅವರಿಗೆ ಇಷ್ಟವಿದ್ದುದನ್ನೆಲ್ಲ ಬಡಿಸಿ ಧೂಪ ಹಾಕುತ್ತೇವೆ. ಆಮೇಲೆ ಅವರು ನಾಚಿಕೆಯಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಕಾಯುತ್ತೇವೆ. ನಮ್ಮ ಅಪ್ಪನಿಗೆ ಇಷ್ಟವಿದ್ದುದು ಕೋಳಿಸಾರು, ಕಜ್ಜಾಯ, ಬೀಡಿ ಮತ್ತು ಸಾರಾಯಿ. ಆದ್ದರಿಂದ ಎಡೆಯಲ್ಲಿ ಒಂದು ಹಿತ್ತಾಳೆ ಲೋಟ ಸಾರಾಯಿ. ಬಾಗಿಲು ತೆರೆದ ಮೇಲೆ ಅಪ್ಪನ ಎಂಜಲು ತೀರ್ಥವಾಗುತ್ತದೆ. ಅದನ್ನು ಮೊದಲು ಬಾಯಿಗೆ ಹಾಕಬೇಕಾದವನು ಮಗ. ಪ್ರತಿವರ್ಷವೂ ಬಾಗಿಲು ತೆರೆದಾಗ ಲೋಟದಲ್ಲಿ ಎರಡು ಬೆರಳಷ್ಟು ಇಳಿದಿರುತ್ತಿತ್ತು. ನೋಡಿದವರೆಲ್ಲ ಕೈ ಮುಗಿಯುತ್ತಿದ್ದರು. ಬಾಗಿಲು ಮುಚ್ಚಿಕೊಂಡು ಕೊನೆಗೆ ಹೊರಬರುವವರು ಚಿಕ್ಕಪ್ಪನೇ ಎಂಬುದನ್ನು ಯಾರೂ ಎತ್ತಿ ಆಡಿದವರಲ್ಲ.

ಕುಡಿತ ಬಿಡಿಸುವ ಈ ಗುಳಿಗೆ ಹೊಟ್ಟೆಯಲ್ಲಿರುವಾಗ ಆ ತೀರ್ಥ ಒಂದು ಗುಟುಕು ಬಿದ್ದರೂ ಏನಾಗುತ್ತದೆಂದು ನಾನು ಕಣ್ಣಾರೆ ನೋಡಿದ್ದೆ. ಮುಖ ಕೆಂಡವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಿಕ್ಕುವುದಿಲ್ಲ, ಕರುಳು ಬಾಯಿಗೆ ಬರುವಷ್ಟು ವಾಂತಿ. ಜಾಸ್ತಿ ಕುಡಿದರೆ ಜೀವಕ್ಕೇ ಬರಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಒಂದು ದಿನ ಗುಳಿಗೆ ತಪ್ಪಿಸಿದರೂ ಉಪಯೋಗವಿಲ್ಲ, ಅದರ ಕಾವಲು ದಿನಗಟ್ಟಲೆ ಮೈಯಲ್ಲಿರುತ್ತದೆ. ತಮ್ಮನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ರಜ ಕೇಳಿದ್ದನೆಂದರೆ ಒಳಗೆ ಏನೋ ಜಾರುತ್ತಿದೆ ಎಂದು ನನಗೆ ಅರ್ಥವಾಯಿತು. ಅವನು ಲೋಟ ಎತ್ತಿ ಗಟಗಟ ಕುಡಿದ. ಬಾಯಿ ತೆರೆದು ತೋರಿಸಿದ.

"ಮಾತಾಡು."

"ಏನ್ ಮಾತಾಡ್ಲಿ? ನೀನು ಅಕ್ಕ ಅಲ್ಲ, ಜೈಲರು."

ಸಾಕು. ಸೀಸೆ ಬೀರುವಿಗೆ ಹೋಗಬೇಕಾಗಿತ್ತು. ಹೋಗುವ ಮೊದಲು ನಡೆದುದನ್ನು ಹೇಳುವುದಕ್ಕೆ, ಈ ಗುಳಿಗೆ ಮನೆಗೆ ಹೇಗೆ ಬಂತೆಂದು ಹೇಳಬೇಕು.

ತಮ್ಮ ನಮ್ಮ ಹೊಲದ ಹೊಗೆಸೊಪ್ಪು ಬೇಯಿಸುತ್ತಿದ್ದ. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಅದನ್ನು ಹದಮಾಡುವ ಬಿಸಿಗೂಡಾದ ಬ್ಯಾರನ್ ಒಳಗೆ ಏರಿಸಿದ ಮೇಲೆ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಶಾಖ ಹೆಚ್ಚಾದರೆ ಸೊಪ್ಪು ಕಪ್ಪು, ಕಡಿಮೆಯಾದರೆ ಹಸಿರು. ನಿಂಬೆಹಣ್ಣಿನ ಬಣ್ಣ ಬರಬೇಕಾದರೆ ಕಾಯುವವನಿಗೆ ಎಚ್ಚರ ಇರಬೇಕು. ಅವನಿಗೆ ಎಚ್ಚರವಿರಲೆಂದು ಊರಿನವರು ಸಾರಾಯಿ ಕುಡಿಸಿ ಅಭ್ಯಾಸ ಮಾಡಿಸಿದರು. ಇದು ನಮ್ಮ ಊರಿನ ವಿಜ್ಞಾನ. ಕೆಲವು ವರ್ಷಗಳಲ್ಲಿ ಅವನು ಬೆಳಿಗ್ಗೆ ಎದ್ದು ಕೈ ನಡುಗದೆ ಬೀಡಿ ಹಚ್ಚಬೇಕಾದರೂ ಮೊದಲು ಸಾರಾಯಿ ಮಾರುವ ಪಡಖಾನೆಗೆ ಹೋಗಬೇಕಾಯಿತು. ಒಂದು ಸಲ ಅವನು ಒಲೆಯ ಮುಂದೆಯೇ ಬಿದ್ದುಕೊಂಡಿದ್ದರಿಂದ ಒಂದು ಬ್ಯಾರನ್ ಸೊಪ್ಪು ಪೂರ ಸುಟ್ಟ ಇದ್ದಿಲಿನಂತೆ ಇಳಿಯಿತು. ಹೆಂಡತಿ ಟ್ರಂಕು ಕಟ್ಟಿಕೊಂಡು ಹೆಗ್ಗಡದೇವನಕೋಟೆ ಕಡೆಯ ತನ್ನ ತವರಿಗೆ ಹೋದಳು. ಊರವರು ಬಂದು ಅವನಿಗೆ ಬುದ್ಧಿ ಹೇಳಿದರು. ಬುದ್ಧಿ ಹೇಳಿ ಬಾಯಾರಿದವರಿಗೆ ಅವನೇ ಪಡಖಾನೆಯಲ್ಲಿ ಕೊಡಿಸಿದ. ಚಿಕ್ಕಪ್ಪ ಎಲ್ಲರಿಗಿಂತ ಹೆಚ್ಚು ಬುದ್ಧಿ ಹೇಳಿದರು.

ನಾನು ಅವನನ್ನು ಬಸ್ಸಿಗೆ ಹತ್ತಿಸಿ ಹುಣಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಗತಾನೇ ಕೆಲಸಕ್ಕೆ ಬಂದಿದ್ದ ಎಳೆಯ ಡಾಕ್ಟರು. ಮೀಸೆ ಬೆಳೆಸುವ ಪ್ರಯತ್ನದಲ್ಲಿದ್ದರು. ಕಣ್ಣಿನ ರೆಪ್ಪೆ ಎಳೆದು ನೋಡಿ, ಹೊಟ್ಟೆ ಒತ್ತಿ ನೋಡಿ, "ಇದು ಕಾಯಿಲೆ, ಔಷಧಿ ಇದೆ" ಎಂದರು. ಜೊತೆಗೆ ಬಂದಿದ್ದ ಚಿಕ್ಕಪ್ಪ ಅಲ್ಲೇ ನಕ್ಕುಬಿಟ್ಟರು. "ಕಾಯ್ಲೆ ಅಂದ್ರೆ ಜ್ವರ ಬರಬೇಕು ಸ್ವಾಮಿ. ಇದು ಕೊಬ್ಬು. ನಾಲ್ಕು ಬಾರ್ಸಿ, ಇಳೀತದೆ." ಡಾಕ್ಟರು ಅವರನ್ನೂ ಒಂದು ಸಲ ದೃಷ್ಟಿಯಿಟ್ಟು ನೋಡಿದರು. ರೆಪ್ಪೆ ಎಳೆಯಲು ಕೈ ಮುಂದೆ ಬಂದು ಹಿಂದೆ ಹೋಯಿತು.

ಒಮ್ಮೆಗೇ ನಿಲ್ಲಿಸಿದರೆ ಅಪಾಯ, ಹತ್ತಿರವಿದ್ದು ನೋಡಬೇಕು ಎಂದು ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನ ವಾರ್ಡಿನಲ್ಲಿ ತಮ್ಮ ಮೊದಲು ನಡುಗಿದ, ಆಮೇಲೆ ಗೋಡೆಯ ಮೇಲೆ ಇಲ್ಲದ ಇರುವೆ ಆರಿಸಿದ, "ಬ್ಯಾರನ್‌ಗೆ ಬೆಂಕಿ ಬಿತ್ತು, ನೀರು ಹಾಕ್ರೋ" ಎಂದು ಪಕ್ಕದ ಮಂಚದವರನ್ನೆಲ್ಲ ಎಬ್ಬಿಸಿದ. ಇಂಜಕ್ಷನ್ ಕೊಟ್ಟು ಮಲಗಿಸಿದರು. ಜೀವಸತ್ವ ಕೊಟ್ಟರು. ಮೈ ತಹಬಂದಿಗೆ ಬಂದ ಮೇಲೆ ಬಿಳಿ ಗುಳಿಗೆ ಶುರು ಮಾಡಿದರು. ಕೆಲವು ದಿನ ಕಳೆದು, ಅಲ್ಲಿಯ ಹಿರಿಯ ಡಾಕ್ಟರು ನಮ್ಮನ್ನೆಲ್ಲ ಕರೆದು, ಔಷಧಿ ಅಳೆಯುವ ಲೋಟದಲ್ಲಿ ತಳ ಮುಚ್ಚುವಷ್ಟು ಸಾರಾಯಿ ಕೊಟ್ಟು ಪರೀಕ್ಷೆ ಮಾಡಿ ತೋರಿಸಿದರು. ಆಗಿನ ಕಾಲದ ಪದ್ಧತಿ ಅದು: ರೋಗಿಯೂ ನೋಡಲಿ, ಮನೆಯವರೂ ನೋಡಲಿ, ಆಮೇಲೆ ಯಾರಿಗೂ ಅನುಮಾನ ಬೇಡ. ತಮ್ಮನ ಪಾಡು ನೋಡಿ ನಾನು ಗೋಡೆ ಹಿಡಿದುಕೊಂಡೆ. ಮನೆಯ ಹಿರಿಯರೆಂದು ನಮ್ಮ ಜೊತೆ ಬಂದಿದ್ದ ಚಿಕ್ಕಪ್ಪ ಮಾತ್ರ ಆ ಹೊತ್ತಿನಲ್ಲಿ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಬಾಯಿ ಒರೆಸಿಕೊಂಡು ಬಂದು, "ಏನಂತೆ?" ಎಂದರು. ಅವರ ಅಪನಂಬಿಕೆಗೆ ಕಾರಣ ಆ ದೋಸೆ.

ತಮ್ಮ ಊರಿಗೆ ಬಂದ. ಕುಡಿಯುತ್ತಿದ್ದಾಗ ಅವನನ್ನು ಬೈದವರೆಲ್ಲ ಈಗ ಅವನು ಕುಡಿಯುವುದಿಲ್ಲವೆಂದು ಬೈಯತೊಡಗಿದರು. ಅವನಿಗೆ ಸೊಕ್ಕು ಬಂದಿದೆ, ಮೈಸೂರು ನೋಡಿ ಬಂದವನು, ಜೊತೆಗಾರರ ಕೈಯಿಂದ ಒಂದು ಲೋಟ ಮುಟ್ಟುವುದಿಲ್ಲ. ಹೊಲದ ಕೆಲಸ ಹೊತ್ತಿಗೆ ಮುಗಿಯುತ್ತಿತ್ತು, ಬ್ಯಾರನ್‌ನಿಂದ ಬಣ್ಣದ ಸೊಪ್ಪು ಇಳಿಯುತ್ತಿತ್ತು. ಅವನಿಗೆ ಏನೋ ಆಗಿದೆ ಎಂಬುದಕ್ಕೆ ಊರಿಗೆ ಇನ್ನೇನು ಸಾಕ್ಷಿ ಬೇಕು? ಚಿಕ್ಕಪ್ಪ ಕಾರಣ ಪತ್ತೆ ಮಾಡಿದರು: ಕೈಮದ್ದು. ಗಂಡಸನ್ನು ತಮ್ಮ ಮಾತಿನಂತೆ ಕುಣಿಸಲು ಹೆಂಗಸರು ಗುಟ್ಟಾಗಿ ಊಟದಲ್ಲಿ ಏನನ್ನೋ ಹಾಕುತ್ತಾರೆಂದು ನಮ್ಮ ಕಡೆ ನಂಬುತ್ತಾರೆ. ದಿನಾ ಬೆಳಿಗ್ಗೆ ಅಕ್ಕ ಕೈಯಾರೆ ಏನನ್ನೋ ಪುಡಿ ಮಾಡಿ ಕುಡಿಸುತ್ತಾಳೆ, ಅವನು ತೆಪ್ಪಗೆ ಕುಡಿಯುತ್ತಾನೆ, ಆಮೇಲೆ ಪಡಖಾನೆ ಕಡೆ ತಲೆ ಹಾಕುವುದಿಲ್ಲ. ಹತ್ತಾರು ವರ್ಷ ಸಾರಾಯಿ ಕುಡಿದು ಗದ್ದೆಬದುವಿನಲ್ಲಿ ಬಿದ್ದಾಗ ಇಂಥ ಅನುಮಾನ ಯಾರಿಗೂ ಬಂದಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ತಮ್ಮನ ಹೆಂಡತಿ ತವರಿಂದ ಬಂದಳು. ಟ್ರಂಕನ್ನು ಪಡಸಾಲೆಯಲ್ಲೇ ಇಳಿಸಿದಳು. ಕಟ್ಟಿದ್ದ ಹಗ್ಗ ಬಿಚ್ಚಲಿಲ್ಲ. "ಎಡೆ ಮುಗೀಲಿ ಅಕ್ಕ. ತೀರ್ಥ ಅಂತ ಒಂದ್ ಗುಟುಕು ಬಾಯಿಗೆ ಹಾಕುದ್ರೂ ನಾನು ನಾಳೆ ಮೊದಲ್ನೇ ಬಸ್ಸಿಗೆ ಕೋಟೆಗೆ ಹೋಯ್ತೀನಿ. ಆಮೇಲೆ ನೀವು ಕರೆಯಕ್ಕೆ ಬರಬ್ಯಾಡಿ" ಎಂದಳು. ತಮ್ಮ ಆ ಟ್ರಂಕನ್ನು ಸುತ್ತಿಕೊಂಡು ಓಡಾಡುತ್ತಿದ್ದ, ಮುಟ್ಟುತ್ತಿರಲಿಲ್ಲ.

ಈಗ ಮತ್ತೆ ಅಡುಗೆಮನೆ. ಸೀಸೆಗೆ ಮುಚ್ಚಳ ಹಾಕಲು ಹೋದಾಗ ಚಿಕ್ಕಪ್ಪ ಹೊಸ್ತಿಲಿನಿಂದ ಎದ್ದು ಬಂದು ಸೀಸೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಇದೇನಾ ನಿನ್ ಗುಳ್ಗೆ? ಇದು ಅವ್ನ ಎದೆ ಹೊಡ್ಸೋ ಗುಳ್ಗೆ ಆದ್ರೆ ನನ್ನೆದೇನೂ ಹೊಡೀಬೇಕು. ನೋಡೇಬುಡಾನ."

"ಚಿಕ್ಕಪ್ಪ, ಇಲ್ಲಿ ಕೊಡಿ. ಅದು ಕಡ್ಲೆಪುರಿ ಅಲ್ಲ."

ಮಾತು ಮುಗಿಯುವುದರೊಳಗೆ ಒಂದು ಗುಳಿಗೆ ಬಾಯಿಗೆ ಎಸೆದುಕೊಂಡು ನೀರಿಲ್ಲದೆ ನುಂಗಿದರು. ಆಮೇಲೆ ಎರಡು ಕೈ ಅಗಲಿಸಿ ನಿಂತರು. "ಏನಾಯ್ತು? ನೋಡ್ರಪ್ಪ, ಎಲ್ರೂ ನೋಡಿ. ಎದೆ ಹೊಡಿತಾ? ಮೊಕ ಕೆಂಪಾಯ್ತಾ? ಲೇ, ನಿನ್ನ ಎದ್ರುಸವ್ರೆ ಕಣ್ಲಾ. ಹೆಂಗಸ್ರು, ಡಾಕ್ಟ್ರು ಸೇರ್ಕೊಂಡು ಎದ್ರುಸವ್ರೆ."

"ಗುಳಿಗೆ ಒಂದರಿಂದಲೇ ಏನೂ ಆಗಲ್ಲ, ಸಾರಾಯಿ ಸೇರಬೇಕು" ಎಂದೆ. "ಇನ್ನೊಂದು ವಾರ ಅದನ್ನ ಮೂಸಿ ಕೂಡ ನೋಡ್ಬೇಡಿ. ಕೆಮ್ಮಿನ ಔಷಧೀನೂ ಬೇಡ, ಅರಿಷ್ಟಾನೂ ಬೇಡ."

"ನಾನೇನ್ ಕುಡುಕ್ನಾ?" ಎಂದರು ಚಿಕ್ಕಪ್ಪ. ಮುಖದಲ್ಲಿ ನಿಜವಾದ ನೋವು ಕಾಣಿಸಿತು. ಮದುವೆ, ತಿಥಿ, ನಾಮಕರಣ, ಮಾರಿಹಬ್ಬ, ಸಂತೆ, ಮಳೆ ಬಂದ ದಿನ ಮತ್ತು ಮಳೆ ಬಾರದ ದಿನ ಬಿಟ್ಟರೆ ಅವರು ಕುಡಿಯುತ್ತಿರಲಿಲ್ಲ.

ಹಬ್ಬದ ಹಗಲೆಲ್ಲ ಕೆಲಸ ಹೇಗೆ ಓಡಿತೆಂದು ಗೊತ್ತಾಗಲಿಲ್ಲ. ತಮ್ಮನ ಹೆಂಡತಿ ಕಜ್ಜಾಯಕ್ಕೆ ಕೂತಳು, ನಾನು ಕೋಳಿಸಾರಿಗೆ ಮಸಾಲೆ ಅರೆದೆ. ಹಿಂದಿನ ದಿನವೇ ಬ್ಯಾರನ್‌ನಿಂದ ಸೊಪ್ಪು ಇಳಿಸಿದ್ದರಿಂದ ತಮ್ಮನಿಗೆ ಬೆಂಕಿ ಕಾಯುವ ಕೆಲಸವಿರಲಿಲ್ಲ, ಕೈ ಖಾಲಿ. ಕೈ ಖಾಲಿ ಇದ್ದರೆ ಅವನ ಬೆರಳು ಏನನ್ನೋ ಹುಡುಕುತ್ತಿದ್ದವು. ಸೌದೆ ಒಡೆಯಲು ಹೇಳಿದೆ. ಒಡೆದ. ನೀರು ಸೇದಲು ಹೇಳಿದೆ. ಸೇದಿದ. ಬಾಳೆ ಎಲೆ ತರಲು ಹೇಳಿದರೆ ಇಡೀ ಊರಿಗೆ ಸಾಲುವಷ್ಟು ಕೊಯ್ದು ತಂದ. ಮಧ್ಯಾಹ್ನ ಚಿಕ್ಕಪ್ಪ ಪಡಖಾನೆಯಿಂದ ಎಡೆಗೆ ಸಾರಾಯಿ ತಂದು, ಮಗುವನ್ನು ಎತ್ತಿಕೊಂಡ ಹಾಗೆ ಟವಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಕೂತರು. ತಮ್ಮ ಅವರ ಮುಂದೆ ಹಾದುಹೋಗುವಾಗಲೆಲ್ಲ ನಡಿಗೆ ನಿಧಾನವಾಗುತ್ತಿತ್ತು. ಅವನ ಹೆಂಡತಿ ಅದನ್ನು ನೋಡುತ್ತಿದ್ದಳು, ಎಣ್ಣೆಯಲ್ಲಿ ಕಜ್ಜಾಯ ಸೀದಿತು.

ಹೊತ್ತು ಇಳಿಯುವಾಗ ಹುಣಸೂರಿನ ಡಾಕ್ಟರು ಮೋಟಾರ್ ಬೈಕಿನಲ್ಲಿ ಬಂದರು. ನಾನು ಕರೆದಿರಲಿಲ್ಲ, ಅವರೇ ಬರುತ್ತೇನೆ ಎಂದಿದ್ದರು. ಈ ಕಾಯಿಲೆಯವರಿಗೆ ಹಬ್ಬದ ದಿನದಷ್ಟು ಕೆಟ್ಟ ದಿನ ಇನ್ನೊಂದಿಲ್ಲವಂತೆ. ಔಷಧಿ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧಕ್ಕೆ ಪಕ್ಕದಲ್ಲಿ ಮನುಷ್ಯರು ಇರಬೇಕಂತೆ. ಮಾತು ಚೆನ್ನಾಗಿತ್ತು. ಆದರೆ ಅವರು ಮಾಂಸ ತಿನ್ನದ ಮನೆಯವರು. ಕೋಳಿಸಾರಿನ ಘಾಟಿಗೆ ಕರವಸ್ತ್ರ ಮೂಗಿಗೆ ಹೋಗದಂತೆ ಎಷ್ಟು ಹೊತ್ತು ತಡೆದರೋ ಪಾಪ, ಜಗಲಿಯಲ್ಲಿ ಹಲಗೆಯ ಮೇಲೆ ಕೂತು ನಿಂಬೆಹಣ್ಣಿನ ಪಾನಕವನ್ನು ಚೂರು ಚೂರೇ ಕುಡಿದರು. ಅವರ ಚರ್ಮದ ಚೀಲ ಮಾತ್ರ ಕಾಲಬಳಿಯೇ ಇತ್ತು.

ಬೆಳಿಗ್ಗೆ ನಡೆದುದನ್ನು ಹೇಳಿದೆ. ಡಾಕ್ಟರು ಪಾನಕ ಕೆಳಗಿಟ್ಟು ಚಿಕ್ಕಪ್ಪನನ್ನು ಕರೆದರು.

"ಯಜಮಾನರೆ, ಆ ಗುಳಿಗೆ ನುಂಗಿದಿರಂತೆ. ಇವತ್ತು ಅಷ್ಟೇ ಅಲ್ಲ, ಇನ್ನೂ ಕೆಲವು ದಿನ ನೀವು ಕುಡೀಬಾರ್ದು. ತಮಾಷೆ ಅಲ್ಲ."

"ಕುಡಿಯೋರಿಗೆ ಯೋಳಿ ಸ್ವಾಮಿ."

"ತೀರ್ಥಾನೂ ಕುಡೀಬಾರ್ದು."

"ತೀರ್ಥ ಕುಡಿಯೋದಲ್ಲ ಸ್ವಾಮಿ, ತಗಳೋದು. ನಿಮ್ಮ ಓದ್ನಲ್ಲಿ ಅದು ಬರಾಕಿಲ್ಲ."

ಎಡೆಯ ಲೋಟಕ್ಕೆ ತಳ ಮುಚ್ಚುವಷ್ಟು ಮಾತ್ರ ಹಾಕಿ ಎಂದು ಚಿಕ್ಕಪ್ಪನಿಗೆ ಹೇಳಿದೆ. ಅವರು ಅರ್ಧ ಲೋಟಕ್ಕೂ ಮೇಲೆ ಸುರಿದರು. ಅಣ್ಣ ಬಾಯಾರಿಕೊಂಡು ಹೋಗಬಾರದಲ್ಲ.

ದೀಪ ಹಚ್ಚುವ ಹೊತ್ತಿಗೆ ಎಡೆ ತುಂಬಿತು, ನೆಂಟರೂ ನೆರೆಯವರೂ ಬಂದು ಸೇರಿದರು. ಧೂಪ ಹಾಕಿ ಎಲ್ಲರೂ ಅಡ್ಡಬಿದ್ದೆವು. ಬಾಗಿಲು ಮುಚ್ಚುವ ಸಮಯಕ್ಕೆ ನಾನು ಚಿಕ್ಕಪ್ಪನಿಗಿಂತ ಹಿಂದೆ ಉಳಿದು, ಅವರನ್ನು ಮುಂದೆ ಬಿಟ್ಟು, ನಾನೇ ಬಾಗಿಲು ಎಳೆದುಕೊಂಡೆ. ಆ ವರ್ಷ ಅಪ್ಪ ಒಂದು ಹನಿಯನ್ನೂ ಮುಟ್ಟಲಿಲ್ಲ. ಬಾಗಿಲು ತೆರೆದಾಗ ಲೋಟ ಇಟ್ಟಷ್ಟೇ ಇತ್ತು. ಚಿಕ್ಕಪ್ಪನಿಗೆ ಅದು ಸಾಕಾಯಿತು.

"ನೋಡುದ್ರಾ? ಮಗ ತಗಳಲ್ಲ ಅಂತ ತಿಳ್ದು ನಮ್ಮಣ್ಣ ಮುಟ್ನೇ ಇಲ್ಲ! ಉಪಾಸ ಓಯ್ತಾ ಅವ್ನೆ ಕಣ್ರಪ್ಪ. ಲೇ ಮಗ, ಎತ್ಲಾ ಲೋಟವ. ಒಂದ್ ಗುಟುಕು. ನಿಮ್ಮಪ್ಪಂಗಿಂತ ಗುಳ್ಗೆ ಎಚ್ಚಾ ನಿಂಗೆ?"

ತಮ್ಮ ಎಡೆಯ ಮುಂದೆ ಮಂಡಿಯೂರಿ ಕೂತ. ಲೋಟ ಎತ್ತಿದ. ಬಾಗಿಲ ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು, ಅವಳ ಹಿಂದೆ ಪಡಸಾಲೆಯಲ್ಲಿ ಹಗ್ಗ ಕಟ್ಟಿದ ಟ್ರಂಕು. ಡಾಕ್ಟರು ಜಗಲಿಯಿಂದ ಎದ್ದು ಒಳಗೆ ಬಂದಿದ್ದರು, ಆದರೆ ಮಾತಾಡಲಿಲ್ಲ. ನನಗೂ ಮಾತಾಡಬೇಡಿ ಎಂದು ಕೈಸನ್ನೆ ಮಾಡಿದರು. ನನ್ನಂಥವಳಿಗೆ ಸುಮ್ಮನಿರು ಎಂದು ಹೇಳಲು ಧೈರ್ಯ ಬೇಕು, ಆ ಎಳೆಯ ಡಾಕ್ಟರಿಗೆ ಅದಿತ್ತು. ತಮ್ಮ ಲೋಟವನ್ನು ಮುಖದ ಹತ್ತಿರ ತಂದ. ಅವನು ಅದನ್ನು ಮೂಸಿದ. ಕಣ್ಣು ಮುಚ್ಚಿಕೊಂಡ. ಆಮೇಲೆ ಕಳಸದ ಕಡೆ ತಿರುಗಿ, ಬದುಕಿರುವವರ ಜೊತೆ ಜಗಳವಾಡುವ ದನಿಯಲ್ಲಿ ಹೇಳಿದ:

"ಅಪ್ಪ, ಇದು ನಿಂಗೆ ಮಡಗಿರೋದು. ನೀನೇ ಕುಡಿ. ನನ್ ಪಾಲಿಂದು ನಾನು ಆಗ್ಲೇ ಕುಡ್ದು ಮುಗ್ಸಿವ್ನಿ. ನಿನ್ ಪಾಲಿಂದೂ ಕುಡ್ದಿವ್ನಿ."

ಲೋಟವನ್ನು ಎಡೆಯ ಎಲೆಯ ಪಕ್ಕ ಇಟ್ಟು, ಒಂದು ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡ.

ಚಿಕ್ಕಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಥೂ! ಈ ಮನೇಲಿ ಗಂಡಸ್ರೇ ಇಲ್ವಾ?" ಎಂದು ಲೋಟಕ್ಕೆ ಕೈ ಹಾಕಿದರು.

"ಚಿಕ್ಕಪ್ಪ, ಬೇಡ" ಎಂದೆ. ಡಾಕ್ಟರು "ಯಜಮಾನರೆ!" ಎಂದು ಕೈ ಹಿಡಿಯಲು ಮುಂದಾದರು, ಎಡೆಯನ್ನು ದಾಟಬಾರದೆಂದು ಯಾರೋ ಅವರ ಅಂಗಿ ಎಳೆದರು. ಅಷ್ಟರಲ್ಲಿ ಚಿಕ್ಕಪ್ಪ "ನಾನಿಲ್ವಾ ಅಣ್ಣ ನಿಂಗೆ" ಎಂದು ಲೋಟವನ್ನು ಎತ್ತಿದವರು ಇಳಿಸಿದ್ದು ಖಾಲಿಯಾದ ಮೇಲೆಯೇ. ಕುಟುಂಬದ ಮರ್ಯಾದೆ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿದುದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಪಂಕ್ತಿ ಹಾಕಿದೆವು. ಚಿಕ್ಕಪ್ಪ ಗೆದ್ದವರ ಹಾಗೆ ಮೊದಲ ಎಲೆಗೆ ಕೂತರು. ಡಾಕ್ಟರು ಊಟಕ್ಕೆ ಕೂರದೆ, ಚೀಲ ತೆರೆದಿಟ್ಟುಕೊಂಡು ಅವರ ಎದುರಿಗೆ ಕೂತು ಅವರನ್ನೇ ನೋಡತೊಡಗಿದರು.

"ಯಾಕ್ ಸ್ವಾಮಿ ಅಂಗ್ ನೋಡೀರಿ? ದೃಷ್ಟಿ ಆಯ್ತದೆ."

ಎರಡನೆಯ ಮುದ್ದೆ ಮುರಿಯುವುದರೊಳಗೆ ಅವರ ಕಿವಿ ಕೆಂಪಾದವು. ಆಮೇಲೆ ಕುತ್ತಿಗೆ, ಆಮೇಲೆ ಮುಖ; ಕಣ್ಣು ಕೋಳಿ ಕಾಳಗದ ಹುಂಜದ ಕಣ್ಣಿನಂತಾಯಿತು. ಕುತ್ತಿಗೆಯ ನರ ಹೊಡೆದುಕೊಳ್ಳುವುದು ಎದುರು ಪಂಕ್ತಿಗೂ ಕಾಣುತ್ತಿತ್ತು. ಮುದ್ದೆ ಕೈಯಿಂದ ಜಾರಿತು. "ಸೆಕೆ" ಎಂದರು. "ತಲೆ ಸಿಡೀತದೆ" ಎಂದರು. ಎದ್ದು ನಿಲ್ಲಲು ಹೋಗಿ ಅಲ್ಲೇ ಕುಸಿದು, ಎದೆ ಹಿಡಿದುಕೊಂಡು ಕೂಗಿದರು:

"ಅಣ್ಣ ಬಂದವ್ನೆ! ನಮ್ಮಣ್ಣ ಎದೆ ಮ್ಯಾಲೆ ಕುಂತವ್ನೆ ಕಣ್ರೋ! ತಪ್ಪಾಯ್ತಣ್ಣೋ, ನಿಂದು ಕುಡುದ್ಬುಟ್ಟೆ, ಇನ್ ಕುಡ್ಯಾಕಿಲ್ಲ, ಇಳಿಯಣ್ಣೋ!"

ಪಂಕ್ತಿಯಲ್ಲಿದ್ದವರೆಲ್ಲ ಎಲೆ ಬಿಟ್ಟು ಗೋಡೆಗೆ ಒತ್ತಿಕೊಂಡರು. ಯಾರೋ ಕಳಸದ ಮುಂದೆ ಕರ್ಪೂರ ಹಚ್ಚಿದರು. ಡಾಕ್ಟರು ಮಾತ್ರ ಅವರನ್ನು ಮಲಗಿಸಿ, ಕಾಲು ಎತ್ತರ ಮಾಡಿಸಿ, ನಾಡಿ ಹಿಡಿದು, ಇಂಜಕ್ಷನ್ ತೆಗೆದರು. ವಾಂತಿ ಶುರುವಾದಾಗ ತಲೆ ಹಿಡಿದುಕೊಂಡವನು ನನ್ನ ತಮ್ಮ. ಒಂದು ಕೈಯಲ್ಲಿ ಹಣೆ, ಇನ್ನೊಂದು ಕೈಯಲ್ಲಿ ಬೋಗುಣಿ.

"ಉಸ್ರು ನಿಧಾನಕ್ಕೆ ಎಳ್ಕೊ ಚಿಕ್ಕಪ್ಪ. ನಂಗೂ ಮೈಸೂರ್ನಲ್ಲಿ ಇಂಗೇ ಆಗಿತ್ತು. ಸಾಯಾಕಿಲ್ಲ. ಸಾಯ್ತೀನಿ ಅಂತ ಅನ್ಸ್ತದೆ, ಅಷ್ಟೇಯ."

"ನಿಮ್ಮಪ್ಪಂಗೆ ಯೋಳೋ ಮಗ... ಇಳಿಯಾಕೆ ಯೋಳೋ..."

"ಅಪ್ಪ ಅಲ್ಲ ಕಣ್ ಚಿಕ್ಕಪ್ಪ, ಬೆಳಿಗ್ಗೆ ನುಂಗುದ್ಯಲ್ಲ, ಅದು."

"ಅಪ್ಪನೇ ಕಣೋ! ಮೀಸೆ ಕಾಣ್ತಾ ಅದೆ!"

ಮೀಸೆ ಡಾಕ್ಟರದಾಗಿತ್ತು. ಅದು ಕಣ್ಣಿಗೆ ಕಂಡಿತು ಎಂದು ಹೇಳಿದ ಮೊದಲ ವ್ಯಕ್ತಿ ಚಿಕ್ಕಪ್ಪನೇ ಇರಬೇಕು.

ನಾಡಿ ಹಿಡಿತಕ್ಕೆ ಬರುವವರೆಗೆ ಡಾಕ್ಟರು ಕದಲಲಿಲ್ಲ. ನುಂಗಿದ್ದು ಒಂದೇ ಗುಳಿಗೆ, ಬಚಾವಾದರು ಎಂದರು. ಚಿಕ್ಕಪ್ಪನ ಮುಖದ ಕೆಂಪು ಇಳಿದ ಮೇಲೆ ಡಾಕ್ಟರು ತಮ್ಮನ ಪಕ್ಕ ಕೂತು ಕಜ್ಜಾಯ ಮತ್ತು ಅನ್ನ ಮೊಸರು ಉಂಡರು. ತಾಸು ಹೊತ್ತು ಕೈಲಿ ಬೋಗುಣಿ ಹಿಡಿದಿದ್ದ ನನ್ನ ತಮ್ಮನನ್ನು "ನೀವು ಊಟ ಮಾಡಿದಿರಾ?" ಎಂದು ಕೇಳಿದವರು ಆ ಮನೆ ತುಂಬ ಅವರೊಬ್ಬರೇ. ಮುಂದಿನ ವಾರ ಆಸ್ಪತ್ರೆಗೆ ಬರಲು ಹೇಳಿದರು. ಚಿಕ್ಕಪ್ಪನಿಗೂ ಬರಲು ಹೇಳಿದರು, ರೆಪ್ಪೆ ಎಳೆದು ನೋಡಬೇಕಂತೆ. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದರು; ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಬೈಕಿನ ಸದ್ದು ಊರು ದಾಟಿ ಹೋಯಿತು.

ಜನ ಚದುರಿದರು. ಔಷಧಿಯ ಮಹಿಮೆ ಅವರಿಗೆ ತಿಳಿಯಿತೆಂದು ನಾನು ಅಂದುಕೊಂಡಿದ್ದರೆ ಅದು ನನ್ನ ದಡ್ಡತನ. ಅವರು ಒಪ್ಪಿಕೊಂಡದ್ದು ಬೇರೆ: ಮಗ ತನ್ನ ಪಾಲು ಮುಗಿಸಿದ್ದೇನೆ ಎಂದಾಗ ಅಪ್ಪ ಒಪ್ಪಿದ, ಚಿಕ್ಕಪ್ಪ ಕದ್ದಾಗ ಎದೆಯ ಮೇಲೆ ಕೂತ. ಇನ್ನು ಆ ಹುಡುಗನಿಗೆ ಯಾರೂ ಲೋಟ ಚಾಚಬಾರದು, ದೊಡ್ಡವರ ಶಾಪ ತಟ್ಟುತ್ತದೆ. ಬಿಳಿ ಗುಳಿಗೆಯ ಪರವಾಗಿ ವಾದ ಮಾಡಲು ನನಗೂ ಬಾಯಿ ಬಂದಿತ್ತು. ತಮ್ಮನ ಹೆಂಡತಿ ನನ್ನ ಮೊಣಕೈ ಹಿಡಿದು ಅಮುಕಿದಳು. ಸುಮ್ಮನಾದೆ.

ಪಡಸಾಲೆಯ ಚಾಪೆಯ ಮೇಲೆ ಮಲಗಿದ್ದ ಚಿಕ್ಕಪ್ಪ ಸಣ್ಣ ದನಿಯಲ್ಲಿ ನನ್ನನ್ನು ಕರೆದರು.

"ಮೇಡಮ್ಮ, ಬರೋ ವರ್ಷದಿಂದ ಎಡೇಲಿ ಸಾರಾಯಿ ಮಡಗಬ್ಯಾಡಿ."

"ಯಾಕೆ ಚಿಕ್ಕಪ್ಪ?"

"ಅಣ್ಣಂಗೆ ಈಗ ಒಗ್ಗಾಕಿಲ್ಲ."

ಚಿಕ್ಕಪ್ಪ ತಂದಿದ್ದ ಬಾಟಲಿಯಲ್ಲಿ ಉಳಿದ ಸಾರಾಯಿಯನ್ನು ತಿಪ್ಪೆಗೆ ಚೆಲ್ಲಿದೆ. ಹಿತ್ತಾಳೆ ಲೋಟವನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು ಬೋರಲು ಹಾಕಿದೆ. ತಮ್ಮ ಪಂಕ್ತಿಯ ಎಲೆಗಳನ್ನೆಲ್ಲ ಎತ್ತಿ ಹಾಕಿ ನೆಲ ಸಾರಿಸಲು ನೀರು ತಂದ. ಅವನ ಹೆಂಡತಿ ಟ್ರಂಕಿನ ಮುಂದೆ ಕೂತು ಚಾಕು ಕೇಳಿದಳು.

"ಕತ್ತರಿಸ್ಬೇಡ, ಬಿಚ್ಚು" ಎಂದೆ. "ಒಳ್ಳೇ ಹಗ್ಗ."

ಗಂಟು ಬಿಗಿಯಾಗಿತ್ತು. ತಮ್ಮನೂ ಬಂದು ಕೂತ. ಇಬ್ಬರೂ ಸೇರಿ ಬಿಚ್ಚಿದರು. ಅವಳು ಸೀರೆಗಳನ್ನು ಹೊರತೆಗೆದು ಗೂಟಕ್ಕೆ ಹಾಕತೊಡಗಿದಳು. ಅವನು ಹಗ್ಗವನ್ನು ಸುತ್ತಿ ಸುತ್ತಿ ಕೈಯಲ್ಲೇ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಅಕ್ಕ, ಇನ್ಮೇಲೆ ಬೀರು ಬೀಗದ ಕೈ ನನ್ನತ್ರ ಇರ್ಲಿ. ನಾನೇ ತಗಂಡು ನುಂಗ್ತೀನಿ. ಇವತ್ತು ನೋಡುದ್ಯಲ್ಲ."

"ನೋಡ್ದೆ" ಎಂದೆ. "ಚೆನ್ನಾಗಿತ್ತು. ನಾಳೆ ಬೆಳಿಗ್ಗೆ ಆರು ಗಂಟೆಗೆ ಅಡ್ಗೆಮನೆಗೆ ಬಾ."

ಹಗ್ಗವನ್ನು ಅವನ ಕೈಯಿಂದ ತೆಗೆದುಕೊಂಡು ಮೊಳೆಗೆ ನೇತುಹಾಕಿದೆ. ಎರಡು ಚಮಚಗಳನ್ನು ತೊಳೆದು ಒರೆಸಿ, ಸೀಸೆಯ ಪಕ್ಕ ಇಟ್ಟೆ. ಬೀರುವಿಗೆ ಬೀಗ ಹಾಕಿ, ಎಳೆದು ನೋಡಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.